ನಡುದನಿ

ವಾರಂಟಿ ಮುಗಿಯಲು ಮೂರು ದಿನವಿತ್ತು,
ಲಮಾರಾ ಬಂದರು.
ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸ,
ಕೈಯೆರಡೂ ಬೆಂದ ಬೀಟ್‌ರೂಟಿನ ಬಣ್ಣ.
ಹೆಡ್‌ಫೋನನ್ನು ಬಿಸಿ ರೊಟ್ಟಿಯ ಹಾಗೆ
ಟವೆಲಿನಲ್ಲಿ ಸುತ್ತಿ ತಂದಿದ್ದರು,
ರಸೀದಿ ಮಾತ್ರ ಬೇರೆ, ಪ್ರಾರ್ಥನೆಯ ಪುಸ್ತಕದೊಳಗೆ.

"ಎಡಗಡೆ ಸತ್ತಿದೆ" ಅಂದರು.
ಕುತಾಯಿಸಿಯ ಈ ಕೌಂಟರಿನಲ್ಲಿ
ಹನ್ನೊಂದು ವರ್ಷದಿಂದ ಕೂತಿದ್ದೇನೆ.
ಎಲ್ಲರೂ ಹೇಳುವುದು ಅದನ್ನೇ, ಸತ್ತಿದೆ.
ನಾನು ಬರೆದುಕೊಳ್ಳುವುದು: ಎಡ ಚಾನೆಲ್, ಶಬ್ದವಿಲ್ಲ.

ಬಿದ್ದಿತ್ತೇ? ಇಲ್ಲ.
ನೀರು? ಇಲ್ಲ.
ನಾಯಿ, ಮಗು, ಬಾಗಿಲ ಸಂದಿ?
ನಾಯಿ ಇತ್ತು, ಈಗಿಲ್ಲ.
ಆಮೇಲೆ ಕೇಳದಿದ್ದರೂ ಹೇಳಿದರು:

ನಮ್ಮ ಹಾಡಿಗೆ ಮೂರು ದನಿ, ನಿನಗೆ ಗೊತ್ತಲ್ಲ.
ಮೇಲಿನದು ಅಕ್ಕ ಎತೇರಿಯದು.
ನೇಪಲ್ಸಿನಲ್ಲಿ ಯಾವಳೋ ಮುದುಕಿಯ ಚಾಕರಿಗೆ ಹೋಗಿ ಆರು ವರ್ಷ;
ಮುದುಕಿ ಮಲಗಿದ ಮೇಲೆ ಬಚ್ಚಲಲ್ಲಿ ನಿಂತು
ಫೋನಿಗೆ ಹಾಡಿ ಕಳಿಸುತ್ತಾಳೆ.
ಕೆಳಗಿನದು, ಬನಿ, ಪಕ್ಕದ ಮನೆಯ ಓತಾರನದು.
ಅಕ್ಕನ ಮಗ ಎರಡನ್ನೂ ಕೂಡಿಸಿಕೊಟ್ಟ,
ಅಕ್ಕ ಎಡಗಿವಿಗೆ, ಓತಾರ ಬಲಗಿವಿಗೆ.
ನಡುವಿನದು ನಾನು.
ನಡುವೆ ಅಂದರೆ ಇಲ್ಲಿ, ಎಂದು
ಹಣೆ ಮುಟ್ಟಿ ತೋರಿಸಿದರು.

ಫಾರಮಿನಲ್ಲಿ ಇದಕ್ಕೆಲ್ಲ ಜಾಗವಿಲ್ಲ.
ಇರುವುದು ಒಂದೂವರೆ ಗೆರೆ,
ಅಲ್ಲಿ ‘ಶಬ್ದವಿಲ್ಲ’ ಆಗಲೇ ಕೂತಿತ್ತು.

ಒಂಬತ್ತನೆಯ ದಿನ ಕಂಪನಿಯಿಂದ ಉತ್ತರ:
ರಿಪೇರಿ ಇಲ್ಲ, ಬದಲಿ ಉಂಟು.
ಹಳೆಯದನ್ನು ಕಳಿಸಬೇಡಿ. ಅದರ ತಂತಿಯನ್ನು
ಗ್ರಾಹಕರ ಎದುರಿಗೇ ಕತ್ತರಿಸಿ
ಎರಡು ತುಂಡೂ ಕಾಣುವಂತೆ ಫೋಟೋ ಕಳಿಸಿ.

ಕತ್ತರಿ ತೆಗೆದೆ.
"ತಾಳಪ್ಪ, ಒಂದು ಸಲ" ಅಂದರು.
ಹಾಕಿಕೊಂಡರು. ಕಣ್ಣು ಮುಚ್ಚಲಿಲ್ಲ,
ಗೋಡೆಯ ಬೆಲೆಪಟ್ಟಿಯನ್ನೇ ನೋಡುತ್ತ ಹಾಡಿದರು.
ನನಗೆ ಅಕ್ಕನೂ ಕೇಳಿಸಲಿಲ್ಲ, ಓತಾರನೂ ಕೇಳಿಸಲಿಲ್ಲ,
ಕೇಳಿಸಿದ್ದು ಈ ಒಂದೇ ದನಿ,
ನೆಲಗಟ್ಟೂ ಇಲ್ಲದ ಮಾಡೂ ಇಲ್ಲದ ಮನೆಯಲ್ಲಿ
ಮೆಟ್ಟಿಲಷ್ಟೇ ಉಳಿದ ಹಾಗೆ.
ಚಾರ್ಜರ್ ಕೊಳ್ಳಲು ಬಂದ ಹುಡುಗ
ಚಿಲ್ಲರೆ ಎಣಿಸುವುದನ್ನು ನಿಲ್ಲಿಸಿದ.

ಆಮೇಲೆ ಅವರೇ ತಂತಿಯನ್ನು ಬಿಗಿಯಾಗಿ ಹಿಡಿದುಕೊಟ್ಟರು,
ಕೋಳಿಯ ಕಾಲು ಹಿಡಿದುಕೊಡುವ ಹಾಗೆ.
ಕತ್ತರಿಸಿದೆ.
ಫೋಟೋದಲ್ಲಿ ಅವರ ಹೆಬ್ಬೆರಳೂ ಬಂತು.
ಕಂಪನಿ ಆಕ್ಷೇಪಿಸಲಿಲ್ಲ.

ಹೊಸತು ಬಂತು, ಸಹಿ ಹಾಕಿದರು, ಒಯ್ದರು.
ನನ್ನ ಲೆಕ್ಕದಲ್ಲಿ ಅದು ಮುಗಿಯಿತು.

ಎರಡು ವಾರ ಕಳೆದು ಮತ್ತೆ ಬಾಗಿಲಲ್ಲಿ,
ಕೈಯಲ್ಲೊಂದು ಬಕೆಟ್ಟು, ತುಂಬ ಪ್ಲಮ್ ಕಾಯಿ.
"ಕೆಟ್ಟಿತೇ?"
"ಇಲ್ಲಪ್ಪ, ಚೆನ್ನಾಗಿದೆ. ಎರಡೂ ಕಡೆ ಚೆನ್ನಾಗಿದೆ."
ಸ್ವಲ್ಪ ಹೊತ್ತು ಬಕೆಟ್ಟನ್ನು ಕೆಳಗೂ ಇಡಲಿಲ್ಲ.
"ಎಡಗಿವಿ ಖಾಲಿಯಿತ್ತಲ್ಲ ಅಷ್ಟು ದಿನ,
ನನಗೇ ತಿಳಿಯದೆ ಮೇಲೆ ಹತ್ತಿಬಿಟ್ಟಿದ್ದೇನೆ,
ಅಕ್ಕನ ಜಾಗಕ್ಕೆ.
ಈಗ ಅವಳು ಬಂದಿದ್ದಾಳೆ.
ಇಬ್ಬರೂ ಒಂದೇ ಮೆಟ್ಟಿಲ ಮೇಲೆ,
ನಡುವೆ ಯಾರೂ ಇಲ್ಲ."

ವಾರಂಟಿಗೆ ಇದು ಸೇರುತ್ತದೆಯೇ
ಎಂದು ಅವರು ಕೇಳಲಿಲ್ಲ.
ಎಡಬಲದ ಹದಕ್ಕೆ ಫೋನಿನಲ್ಲೊಂದು ಗೆರೆಯಿದೆ,
ತೋರಿಸಿಕೊಟ್ಟೆ:
ಎಡಕ್ಕೆ ಎಳೆದರೆ ಓತಾರ ಕರಗುತ್ತಾನೆ,
ಬಲಕ್ಕೆ ಎಳೆದರೆ ಅಕ್ಕ.
ಒರಟು ಬೆರಳಲ್ಲಿ ಅಕ್ಕನನ್ನು
ಇಷ್ಟಿಷ್ಟೇ ಕಡಿಮೆ ಮಾಡಿದರು.
ಇನ್ನೇನು ಇಲ್ಲವಾಗಬೇಕು,
ಮತ್ತೆ ಇದ್ದಲ್ಲಿಗೇ ತಂದಿಟ್ಟರು.
"ಇರಲಿ ಬಿಡು. ನಾನೇ ಇಳಿಯುತ್ತೇನೆ."

ಬಕೆಟ್ಟು ಬಿಟ್ಟು ಹೋದರು.
ಕಾಯಿ ಇನ್ನೂ ಹಸಿರು, ಹಲ್ಲು ಚುಳ್ಳೆನ್ನುವ ಹುಳಿ.
ಅಂಗಡಿಗೆ ಬೀಗ ಹಾಕಿ
ಪಕ್ಕದವರಲ್ಲಿ ಉಪ್ಪು ಕೇಳಲು ಹೋದೆ.